ನಾಲ್ಕು ಸಾವಿರ ಜೀವ, ಒಂದು ಸೂರ್ಯ

ಮನೆಯೊಳಗೆ ಸೂರ್ಯನನ್ನು ಇಟ್ಟುಕೊಂಡ ಮನುಷ್ಯನ ಪಾಡು ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಅಧಿಕಾರದಿಂದ ಉತ್ತರ ಹೇಳಬಲ್ಲೆ. ಅಂಥ ಮನುಷ್ಯ ನಮ್ಮ ಎದುರು ಬಾಗಿಲಿನವನು. ಅವನ ಪಾಡಿಗೆ ಅರ್ಧ ಕಾರಣ ನನ್ನ ಕೈಬರಹ.

ಕಟ್ಟಡದಲ್ಲಿ ಎಲ್ಲರೂ ಅವನನ್ನು ಕರೆಯುವುದು ಬಣ್ಣದಣ್ಣ ಎಂದು. ಬಣ್ಣದ ಕಾರ್ಖಾನೆಯಲ್ಲಿ ಅವನ ಕೆಲಸ, ಇವತ್ತಿನ ಡಬ್ಬದ ಬಣ್ಣ ನಿನ್ನೆಯ ಡಬ್ಬದ ಬಣ್ಣಕ್ಕೆ ಹೊಂದುತ್ತದೋ ಇಲ್ಲವೋ ನೋಡಿ ಹೇಳುವುದು. ಹಳದಿಯಲ್ಲೇ ಇಪ್ಪತ್ತೇಳು ಹಳದಿಗಳನ್ನು ಗುರುತಿಸಬಲ್ಲ ಕಣ್ಣು ಅವನದು. ಉಳಿದ ವಿಷಯಗಳಲ್ಲಿ ಆ ಕಣ್ಣಿಗೆ ಆಸಕ್ತಿ ಕಡಿಮೆ. ಒಂದು ದಿನ ಎರಡು ಕಾಲಿಗೆ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದ. ನಾನು ತೋರಿಸಿದರೆ ಬಗ್ಗಿ ನೋಡಿ, “ಎರಡೂ ಒಂದೇ ಕಂದು ಅಲ್ವಾ ಸಾರ್?” ಎಂದು ನಡೆದೇಬಿಟ್ಟ.

ಇಂಥವನಿಗೆ ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಕಂಪ್ಯೂಟರಿನೊಳಗೆ ಕೃತಕ ಜೀವಿಗಳನ್ನು ಹುಟ್ಟಿಸಿ ಸಾಕುವುದು ಹೇಗೆ ಎಂದು ಅದರಲ್ಲಿ ಬರೆದಿತ್ತು. ನಾಲ್ಕು ತಿಂಗಳು ಒಂದೊಂದೇ ಸಾಲು ನೋಡಿಕೊಂಡು ಟೈಪು ಮಾಡಿದ. ತಪ್ಪು ಮಾಡಿದ, ಅಳಿಸಿದ, ಮತ್ತೆ ಮಾಡಿದ. ಕೊನೆಗೊಂದು ದಿನ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಪರದೆ ತೋರಿಸಿದ. ಸಾಸಿವೆ ಕಾಳಿನಂಥ ಹಸಿರು ಚುಕ್ಕೆಗಳು ಮಿಸುಕಾಡುತ್ತಿದ್ದವು. ಬೆಳಕು ಸಿಕ್ಕ ಚುಕ್ಕೆ ಅದನ್ನು ತಿಂದು ಕೊಬ್ಬುತ್ತದೆ, ಸಾಕಷ್ಟು ಕೊಬ್ಬಿದರೆ ಒಡೆದು ಎರಡಾಗುತ್ತದೆ, ಬೆಳಕು ಸಿಗದಿದ್ದರೆ ಸಾಯುತ್ತದೆ. ಎರಡಾಗುವಾಗ ಮರಿಯ ಸ್ವಭಾವ ತಾಯಿಯದಕ್ಕಿಂತ ಕೂದಲೆಳೆಯಷ್ಟು ಬೇರೆ. ಒಂದು ಚುರುಕು, ಒಂದು ಸೋಮಾರಿ, ಇನ್ನೊಂದಕ್ಕೆ ಕಾರಣವಿಲ್ಲದೆ ಎಡಕ್ಕೆ ಹೋಗುವ ಚಟ.

ಎಲ್ಲ ಸರಿ. ಆದರೆ ಪುಸ್ತಕದಲ್ಲಿ ಸೂರ್ಯನ ಅಧ್ಯಾಯದ ಹಾಳೆಗಳನ್ನು ಮಾತ್ರ ಯಾರೋ ಪುಣ್ಯಾತ್ಮರು ಹರಿದುಕೊಂಡಿದ್ದರು. ಹಾಗಾಗಿ ಸೂರ್ಯನನ್ನು ಬಣ್ಣದಣ್ಣ ಸ್ವಂತ ಬುದ್ಧಿಯಿಂದ ಮಾಡಬೇಕಾಯಿತು. ಯಾವ ಹಳದಿ ಎಂದು ತೀರ್ಮಾನಿಸಲು ಎರಡು ವಾರ ಬೇಕಾಯಿತು. ಉಳಿದದ್ದೆಲ್ಲ ಎರಡು ನಿಮಿಷ: ಪರದೆಯ ನೆತ್ತಿಯ ಮೇಲೆ ಒಂದು ಹಳದಿ ಬಿಲ್ಲೆ ಅಂಟಿಸಿ, ಪೂರ್ತಿ ಬೆಳಕು ಕೊಟ್ಟು, ಅಲ್ಲಿಗೇ ಬಿಟ್ಟ.

“ಪಾಪದ ಜೀವಗಳು, ಹೊಟ್ಟೆ ತುಂಬಾ ಉಣ್ಣಲಿ ಬಿಡಿ ಸಾರ್,” ಎಂದ.

ಒಂದು ಭಾನುವಾರ ಬೆಳಿಗ್ಗೆ ಅವನ ಹೆಂಡತಿಯ ಅಣ್ಣ ಬಂದಿದ್ದ. ಈ ಭಾವ ಕುರ್ಚಿಯಲ್ಲಿ ಕೂರುವವನಲ್ಲ, ವಿರಾಜಮಾನನಾಗುವವನು. ನಾನೂ ಅಲ್ಲೇ ಇದ್ದೆ. ಪಟ್ಟಣದ ಕಚೇರಿಯಿಂದ ಮನೆಮನೆಗೂ ಒಂದು ಫಾರಂ ಹಂಚಿದ್ದರು. ಕೋರ್ಟಿನಲ್ಲಿ ಮೂವತ್ತು ವರ್ಷ ನಕಲು ಬರೆದು ನಿವೃತ್ತನಾದ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಕಟ್ಟಡದವರ ಅಭಿಪ್ರಾಯ. ನನ್ನ ಅಭಿಪ್ರಾಯವೂ ಅದೇ. ಆದ್ದರಿಂದ ಎಲ್ಲರ ಫಾರಂ ತುಂಬುವವನು ನಾನು.

ಭಾವ ತನ್ನ ಮನೆಯ ಹೊಸ ಗಾಜಿನ ಮೀನುತೊಟ್ಟಿಯ ವರ್ಣನೆಯಲ್ಲಿದ್ದ.

“ನಲವತ್ತು ಮೀನು! ಜೀವ ಸಾಕೋದು ಅಂದ್ರೆ ಹುಡುಗಾಟ ಅಲ್ಲ ಕಣಮ್ಮ. ನಿನ್ನ ಗಂಡನ ಕೈಗೆ ಒಂದು ಕಳ್ಳಿ ಗಿಡ ಕೊಟ್ಟಿದ್ದೆ, ನೆನಪಿದೆಯಾ? ಕಳ್ಳಿ! ಮರಳುಗಾಡಲ್ಲಿ ಬದುಕೋ ಗಿಡ. ಇವನ ಕೈಲಿ ಅದೂ ಸತ್ತೋಯ್ತು.”

“ಸತ್ತಿರಲಿಲ್ಲ ಭಾವ, ಬಣ್ಣ ಬದಲಾಗಿತ್ತು ಅಷ್ಟೇ,” ಎಂದ ಬಣ್ಣದಣ್ಣ.

ನಾನು ಫಾರಂ ನೋಡುತ್ತ ಕೇಳಿದೆ: “ಮನೇಲಿ ಸಾಕಿರೋ ಜೀವಿಗಳು ಅಂತ ಒಂದು ಕಾಲಂ ಇದೆ. ಖಾಲಿ ಬಿಡ್ಲಾ?”

“ಬಿಡಿ ಬಿಡಿ,” ಎಂದು ಭಾವ ನಕ್ಕ. “ಈ ಮನೇಲಿ ಜಿರಲೆನೂ ನಿಲ್ಲಲ್ಲ.”

ಬಣ್ಣದಣ್ಣನ ಕಿವಿ ಕೆಂಪಾದವು. ಯಾವ ಕೆಂಪು ಎಂದು ಅವನೇ ಹೇಳಬೇಕಿತ್ತು. “ಬರೀರಿ ಸಾರ್,” ಎಂದ. “ನಾಲ್ಕು ಸಾವಿರ.”

ಭಾವನ ಕೈಯ ಲೋಟ ಅರ್ಧ ದಾರಿಯಲ್ಲಿ ನಿಂತಿತು. “ಏನು ನಾಲ್ಕು ಸಾವಿರ?”

“ಜೀವ. ಎಲ್ಲಾ ನಾನೇ ಹುಟ್ಟಿಸಿ ಸಾಕಿದ್ದು.”

ಒಳಗಿನಿಂದ ಅವನ ಹೆಂಡತಿ “ರೀ...” ಎಂದಳು. ಆಕೆ ಆಸ್ಪತ್ರೆಯಲ್ಲಿ ನರ್ಸು. ಆ ಒಂದು ಅಕ್ಷರದಲ್ಲಿ ರೋಗದ ಮುನ್ಸೂಚನೆ ಪೂರ್ತಿ ಇತ್ತು. ನಾವು ಗಂಡಸರು ಗಮನಿಸಲಿಲ್ಲ. ನಾನು ಪೆನ್ನು ಬಿಚ್ಚಿ, ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಜಾತಿ: ಕೃತಕ. ಸಂಖ್ಯೆ: ನಾಲ್ಕು ಸಾವಿರ. ಇರಿಸಿರುವ ಸ್ಥಳ: ಮೇಜಿನ ಮೇಲೆ.

ಹನ್ನೆರಡನೆಯ ದಿನ ಅವನ ಬಾಗಿಲಿಗೆ ನೋಟೀಸು ಅಂಟಿತು. ಕೃತಕ ಎಂಬ ತಳಿಯ ನಾಲ್ಕು ಸಾವಿರ ಜೀವಿಗಳನ್ನು ಒಂದೇ ಮೇಜಿನ ಮೇಲೆ ಇರಿಸಿರುವುದಾಗಿ ತಾವೇ ಲಿಖಿತವಾಗಿ ತಿಳಿಸಿರುವುದರಿಂದ, ಸದರಿ ಜೀವಿಗಳಿಗೆ ಗಾಳಿ, ನೀರು, ಬಿಸಿಲಿನ ವ್ಯವಸ್ಥೆ ಇದೆಯೇ ಎಂದು ಪ್ರಾಣಿ ಇನ್‌ಸ್ಪೆಕ್ಟರು ಶನಿವಾರ ಬೆಳಿಗ್ಗೆ ಹತ್ತಕ್ಕೆ ಖುದ್ದು ಪರಿಶೀಲಿಸುವರು.

ನೋಟೀಸನ್ನು ಬಣ್ಣದಣ್ಣನಿಗಿಂತ ಮೊದಲು ಓದಿದವರು ಕೆಳಮನೆಯ ಓನರಮ್ಮ. ಅವನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

“ಕರಾರಲ್ಲಿ ಏನಿದೆ? ನಾಲ್ಕು ಕಾಲಿಂದು ಯಾವುದೂ ಈ ಮೆಟ್ಟಿಲು ಹತ್ತಕೂಡದು ಅಂತ ಇದೆಯೋ ಇಲ್ವೋ?”

“ಇದೆ ಅಮ್ಮ. ಆದ್ರೆ ಇವಕ್ಕೆ ನಾಲ್ಕು ಕಾಲಿಲ್ಲ.”

“ಮತ್ತೆ ಎಷ್ಟಿವೆ?”

“ಕಾಲೇ ಇಲ್ಲ.”

ಓನರಮ್ಮ ನಿಧಾನವಾಗಿ ಗೋಡೆ ಹಿಡಿದುಕೊಂಡರು. “ಕಾಲಿಲ್ಲ... ಹರಿದಾಡ್ತವಾ?”

“ಹೂಂ ಅಮ್ಮ, ಚೆನ್ನಾಗಿ ಹರಿದಾಡ್ತವೆ,” ಎಂದ ಬಣ್ಣದಣ್ಣ. ಇಷ್ಟು ಹೊತ್ತಿಗೆ ಒಬ್ಬರಾದರೂ ವಿಚಾರಿಸಿದರಲ್ಲ ಎಂಬ ಸಂತೋಷ ಅವನಿಗೆ. “ಬೆಚ್ಚಗಿರೋ ಕಡೆ ಹುಡುಕ್ಕೊಂಡು ಹೋಗ್ತವೆ.”

ಕಾಲು ಗಂಟೆಯಲ್ಲಿ ನಾಲ್ಕು ಸಾವಿರ ಹಾವುಗಳ ಸುದ್ದಿ ಕಟ್ಟಡದ ಎಲ್ಲ ಮಹಡಿಗಳನ್ನೂ ಹತ್ತಿಳಿಯಿತು. ಮೂರನೆಯ ಮಹಡಿಯವರು ಬಚ್ಚಲ ತೂತಿಗೆ ಹಳೆ ದಿಂಬು ತುರುಕಿದರು. ಅದರಿಂದ ನೀರು ಕಟ್ಟಿಕೊಂಡು ಎರಡನೆಯ ಮಹಡಿಯ ಚಾವಣಿಯಿಂದ ತೊಟ್ಟಿಕ್ಕಿತು. ಎರಡನೆಯ ಮಹಡಿಯವರು ಇದು ಹಾವಿನ ಕೆಲಸವೇ ಎಂದು ಸಾಧಿಸಿದರು. ಹಾಲಿನವನು ಮೇಲೆ ಬರುವುದನ್ನು ಬಿಟ್ಟು ಗೇಟಿನಿಂದಲೇ “ಹಾಲು!” ಎಂದು ಕೂಗಿ ಓಡತೊಡಗಿದ.

“ಅಮ್ಮ, ಅವು ಹಾವಲ್ಲ, ಕಂಪ್ಯೂಟರ್ ಒಳಗಿವೆ,” ಎಂದು ಬಣ್ಣದಣ್ಣ ಮರುದಿನ ವಿವರಿಸಲು ಹೋದ.

“ನೋಡಿದ್ರಾ!” ಎಂದು ಓನರಮ್ಮ ಸುತ್ತ ನಿಂತವರಿಗೆ ಹೇಳಿದರು. “ಮಷೀನಿನ ಬಿಸಿಗೇ ಅವು ಒಳಗೆ ಸೇರ್ಕೊಳ್ಳೋದು!” ಆಮೇಲೆ ಅವನ ಕಡೆ ತಿರುಗಿದರು. “ಶನಿವಾರ ಸಾಹೇಬರು ಬಂದು ಹೇಳಿದ್ದೇ ಕೊನೇ ಮಾತು. ಎಲ್ಲಾ ಸರಿ ಇದೆ ಅಂತ ಬರೆದುಕೊಟ್ರೆ ಇರಿ. ಇಲ್ಲಾಂದ್ರೆ ಅವೂ ಹೋಗ್ಲಿ, ನೀವೂ ಹೋಗಿ.”

ಹನ್ನೊಂದು ವರ್ಷದಿಂದ ಇದ್ದ ಮನೆ ಅದು. ನರ್ಸಮ್ಮನ ಆಸ್ಪತ್ರೆ ಅಲ್ಲಿಂದ ಹತ್ತು ಹೆಜ್ಜೆ. ಅಡುಗೆಮನೆಯ ಗೋಡೆಗೆ ಬಣ್ಣದಣ್ಣ ತಾನೇ ಬೆರೆಸಿ ಹಚ್ಚಿದ, ಬೇರೆಲ್ಲೂ ಸಿಗದ ತಿಳಿಹಸಿರು. ಗಂಡ ಹೆಂಡತಿ ಆವತ್ತು ಊಟಕ್ಕೆ ಕೂತವರು ಆ ಗೋಡೆಯನ್ನು ನೋಡುತ್ತ ಅರ್ಧಕ್ಕೇ ಎದ್ದರು ಎಂದು ಆಮೇಲೆ ತಿಳಿಯಿತು.

ಶನಿವಾರ ಹತ್ತಕ್ಕೆ ಸರಿಯಾಗಿ ಇನ್‌ಸ್ಪೆಕ್ಟರು ಬಂದರು. ಬಾಗಿಲಿಗಿಂತ ಅಗಲದ ಮನುಷ್ಯ. ಕೈಯಲ್ಲಿ ಬಲೆ, ಕಂಕುಳಲ್ಲಿ ತಂತಿ ಪಂಜರ, ಮೊಣಕಾಲಿನವರೆಗೆ ಬೂಟು. ಹಿಂದೆ ಮೆಟ್ಟಿಲ ಮೇಲೆ ಕಟ್ಟಡವೆಲ್ಲ, ಸುರಕ್ಷಿತ ದೂರದಲ್ಲಿ.

“ತಳಿ, ಕೃತಕ,” ಎಂದು ಅವರು ಕಾಗದ ಓದಿದರು. “ನಮ್ಮ ಪಟ್ಟಿ ಪೂರಾ ಹುಡುಕಿದೆ. ಕುದುರೆ ಇದೆ, ಕುರಿ ಇದೆ, ಅದಾದ ಮೇಲೆ ನೇರ ಕೋಣ, ಕೋತಿ, ಕೋಳಿ. ಮಧ್ಯೆ ಕೃತಕ ಇಲ್ಲ. ಹೊರಗಿನ ತಳಿನಾ?”

“ಇಲ್ಲೇ ಹುಟ್ಟಿದ್ದು ಸರ್.”

“ಈಗ ಎಷ್ಟಿವೆ?”

ಬಣ್ಣದಣ್ಣ ಕಾಲ ಹೆಬ್ಬೆರಳು ನೋಡಿಕೊಂಡ. ಅವನ ಪ್ರೋಗ್ರಾಮಿಗೆ ಒಂದು ಕಾಯಿಲೆ ಇತ್ತು. ಸಂಖ್ಯೆ ಏರಿ ಏರಿ ನಾಲ್ಕು ಸಾವಿರ ತಲುಪಿದ ಮೇಲೆ ಎಲ್ಲವೂ ಸೂರ್ಯನ ಅಡಿಯಲ್ಲಿ ಒಂದರ ಮೇಲೊಂದು ಬಿದ್ದು, ಮೇಲಿನವು ತಿಂದು ಸೋಮಾರಿಯಾಗಿ, ಕೆಳಗಿನವು ಬೆಳಕಿಲ್ಲದೆ ಸೊರಗಿ, ಆಮೇಲೆ ಗುಂಪಿಗೆ ಗುಂಪೇ ನಾಶವಾಗುತ್ತಿತ್ತು. ಆ ದಿನ ಬೆಳಿಗ್ಗೆಯೇ ಹಾಗಾಗಬೇಕೆ?

“ಅರವತ್ತೊಂದು ಸರ್.”

“ಬರೆದಿರೋದು ನಾಲ್ಕು ಸಾವಿರ!”

“ಸತ್ತೋದ್ವು ಸರ್.”

“ಯಾವಾಗ?”

“ಈಗ, ತಿಂಡಿ ಹೊತ್ತಲ್ಲಿ.”

“ಹೆಣಗಳೆಲ್ಲಿ?”

“ಹೆಣ ಇರಲ್ಲ ಸರ್. ಸತ್ತ ತಕ್ಷಣ ಮಾಯ ಆಗ್ತವೆ.”

ಮೆಟ್ಟಿಲ ಮೇಲೆ ಯಾರೋ ಕಿರುಚಿದರು. ಇನ್‌ಸ್ಪೆಕ್ಟರು ಬಲೆಯನ್ನು ಮುಂದೆ ಹಿಡಿದು, “ತೋರ್ಸಿ,” ಎಂದು ಒಳಗೆ ನುಗ್ಗಿದರು.

ಪರದೆಯ ಮುಂದೆ ಅವರು ನಿಂತ ನಿಲುವು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ನಿಮಿಷ ನೋಡಿದರು. ಬಲೆ ತಗ್ಗಿತು. ಪಂಜರ ನೆಲ ಮುಟ್ಟಿತು. ಈಗ ಸಿಡಿಲು ಬೀಳುತ್ತದೆ ಎಂದು ನಾವೆಲ್ಲ ತಲೆ ತಗ್ಗಿಸಿದೆವು. ಆದರೆ ಅವರು ಸಿಡುಕುವ ಜಾತಿಯವರಲ್ಲ, ನಿಯಮದ ಜಾತಿಯವರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಕುರ್ಚಿ ಎಳೆದುಕೊಂಡರು.

“ತಿನ್ನುತ್ತಾ?”

“ಬೆಳಕು ತಿನ್ನುತ್ತೆ ಸರ್.”

“ಬೆಳೆಯುತ್ತಾ? ಮರಿ ಹಾಕುತ್ತಾ? ಸಾಯುತ್ತಾ?”

“ಹೂಂ ಸರ್. ಸಾಯೋದಂತೂ ತುಂಬಾ.”

ನಾಲ್ಕು ಕಡೆ ಗುರುತು ಹಾಕಿದರು. “ನಾಲ್ಕೂ ಇದ್ರೆ ನಿಯಮದ ಪ್ರಕಾರ ಜೀವಿ. ಗಾಜಿನ ಒಳಗಿದೆಯೋ ಹೊರಗಿದೆಯೋ ಅಂತ ನಿಯಮ ಕೇಳಲ್ಲ.” ಬೆರಳಿಂದ ಹಳದಿ ಬಿಲ್ಲೆ ತೋರಿಸಿದರು. “ಇದೇನು?”

“ಸೂರ್ಯ ಸರ್,” ಎಂದು ಬಣ್ಣದಣ್ಣ ಎದೆ ಸ್ವಲ್ಪ ಉಬ್ಬಿಸಿದ. “ಇಪ್ಪತ್ತೇಳರಲ್ಲಿ ಹತ್ತೊಂಬತ್ತನೇ ಹಳದಿ.”

“ಯಾವಾಗ ಮುಳುಗುತ್ತೆ?”

“ಮುಳುಗೋದೇ ಇಲ್ಲ ಸರ್! ನನ್ನ ಮನೇಲಿ ಯಾವಾಗ್ಲೂ ಮಧ್ಯಾಹ್ನ ಹನ್ನೆರಡು.”

ಇನ್‌ಸ್ಪೆಕ್ಟರ ಮುಖ ಕಪ್ಪಿಟ್ಟಿತು. “ಮನುಷ್ಯರೇನ್ರೀ ನೀವು? ಇಪ್ಪತ್ತೆರಡು ವರ್ಷ ಕೋಳಿ ಫಾರಂ ನೋಡಿದ್ದೀನಿ ನಾನು. ಹಗಲೂ ರಾತ್ರಿ ಲೈಟು ಉರಿಸಿಟ್ರೆ ಕೋಳಿ ಏನು ಮಾಡ್ತವೆ ಗೊತ್ತಾ? ನಿದ್ದೆ ಇಲ್ದೆ ತಲೆ ಕೆಟ್ಟು ಒಂದನ್ನೊಂದು ಕುಕ್ಕಿ ಸಾಯಿಸ್ತವೆ! ಈ ಮುಗ್ಧ ಪ್ರಾಣಿಗಳಿಗೆ ಹುಟ್ಟಿದಾಗಿಂದ ಒಂದು ಸಂಜೆ ತೋರ್ಸಿಲ್ವಲ್ರೀ! ಬೆಳಿಗ್ಗೆ ಅಂದ್ರೆ ಏನು ಅಂತ ಗೊತ್ತಿಲ್ವಲ್ರೀ ಅವಕ್ಕೆ!”

ಬಣ್ಣದಣ್ಣನ ಕಣ್ಣಲ್ಲಿ ನೀರು ಬಂತು. ತಾನು ಇಷ್ಟು ಕ್ರೂರಿ ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಇನ್‌ಸ್ಪೆಕ್ಟರು ಅಲ್ಲೇ ಆಜ್ಞೆ ಬರೆದರು. ಏಳು ದಿನದೊಳಗೆ ಸದರಿ ಸೂರ್ಯ ನಿಯಮಿತವಾಗಿ ಹುಟ್ಟಿ, ನಿಯಮಿತವಾಗಿ ಮುಳುಗತಕ್ಕದ್ದು. “ಇಲ್ದಿದ್ರೆ ಅರವತ್ತೊಂದನ್ನೂ ನಾನೇ ತಗೊಂಡು ಹೋಗ್ತೀನಿ,” ಎಂದು ಪಂಜರ ನೋಡಿದರು, ಪರದೆ ನೋಡಿದರು, ಹೇಗೆ ಎಂದು ಹೇಳದೆ ಹೊರಟರು.

ಹಾವಲ್ಲ ಎಂದು ಕಣ್ಣಾರೆ ಕಂಡು ಕಟ್ಟಡ ಉಸಿರು ಬಿಟ್ಟಿತು. ಓನರಮ್ಮ ಮಾತ್ರ ಬಾಗಿಲಲ್ಲೇ ನಿಂತರು. “ಹಾವೋ ಹುಳವೋ, ಸಾಹೇಬರು ಸರಿ ಇಲ್ಲ ಅಂದ್ರು ತಾನೇ? ಏಳು ದಿನ. ಮಾತು ಅಂದ್ರೆ ಮಾತು.”

ಸುದ್ದಿ ತಿಳಿದ ಭಾವ ಫೋನು ಮಾಡಿ, “ಸಾಮಾನು ಕಟ್ಟೋಕೆ ಹಗ್ಗ ನಾನು ತರ್ತೀನಿ,” ಎಂದು ಪ್ರೀತಿಯಿಂದ ಹೇಳಿದ.

ಭಾನುವಾರ ಬಣ್ಣದಣ್ಣ ಸೂರ್ಯನನ್ನು ಮುಳುಗಿಸಿದ. ಚೆನ್ನಾಗಿಯೇ ಮುಳುಗಿತು. ಆದರೆ ಮತ್ತೆ ಹುಟ್ಟಬೇಕೆಂದು ಬರೆಯಲು ಮರೆತಿದ್ದ. ಮೂರು ನಿಮಿಷದಲ್ಲಿ ಪ್ರಳಯ. ಅದೃಷ್ಟಕ್ಕೆ ಅರವತ್ತೊಂದರದ್ದೂ ಇನ್ನೊಂದು ಪ್ರತಿ ತೆಗೆದಿಟ್ಟಿದ್ದ. ಸೋಮವಾರ ಸೂರ್ಯ ಹುಟ್ಟಿದ, ಆದರೆ ಮುಳುಗಿದ ಕಡೆಯಿಂದಲೇ, ಮರೆತ ಕೊಡೆಯನ್ನು ತೆಗೆದುಕೊಳ್ಳಲು ವಾಪಸು ಬಂದವನ ಹಾಗೆ. ಮಂಗಳವಾರ ದಿಕ್ಕು ಸರಿಹೋಯಿತು. ಈಗ ಬೆಳಕು ಟ್ಯೂಬ್‌ಲೈಟಿನ ಹಾಗೆ ಫಕ್ಕನೆ ಬಂದು ಫಕ್ಕನೆ ಆರುತ್ತಿತ್ತು. ಅರೆಹೊಟ್ಟೆಯ ಜೀವಗಳು ಪ್ರತಿ ಸಲ ಹತ್ತಿಪ್ಪತ್ತು ಸಾಯುತ್ತಿದ್ದವು. ಅರವತ್ತೊಂದು ಮೂವತ್ತಕ್ಕೆ ಇಳಿಯಿತು.

ಡ್ಯೂಟಿ ಮುಗಿಸಿ ಬಂದ ಹೆಂಡತಿ ಅವನ ಹಿಂದೆ ನಿಂತು ಐದು ನಿಮಿಷ ನೋಡಿದಳು.

“ರೀ, ನಮ್ಮ ವಾರ್ಡಲ್ಲಿ ಬೆಳಿಗ್ಗೆ ಎಲ್ಲಾ ಲೈಟೂ ಒಂದೇ ಸಲ ಹಾಕಿದ್ರೆ ಅರ್ಧ ಜನಕ್ಕೆ ಬಿಪಿ ಏರುತ್ತೆ. ನಾನು ಮೊದಲು ಕಿಟಕಿ ಪರದೆ ಸ್ವಲ್ಪ ಸರಿಸ್ತೀನಿ. ಆಮೇಲೆ ಇನ್ನೊಂಚೂರು. ನಿಮ್ಮ ಸೂರ್ಯನಿಗೆ ಸಮಾಧಾನ ಅನ್ನೋದೇ ಇಲ್ವಲ್ಲ.”

“ಎಷ್ಟು ಗಂಟೆಗೆ ಎಷ್ಟು ಬೆಳಕಿರುತ್ತೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?” ಎಂದ ಬಣ್ಣದಣ್ಣ. ಇಪ್ಪತ್ತು ವರ್ಷದಿಂದ ಕಿಟಕಿಯಿಲ್ಲದ ಕೋಣೆಯಲ್ಲಿ, ಒಂದೇ ಅಳತೆಯ ದೀಪದ ಕೆಳಗೆ ಬಣ್ಣ ನೋಡಿದ ಮನುಷ್ಯ. ಒಂದು ಹಗಲನ್ನು ಅವನು ಪೂರ್ತಿ ನೋಡಿಯೇ ಇರಲಿಲ್ಲ.

ನನ್ನ ಬಾಗಿಲು ತಟ್ಟಿ ರಜಾ ಅರ್ಜಿ ಬರೆಸಿಕೊಂಡ. ಕಾರಣ ಏನು ಬರೆಯಲಿ ಎಂದೆ. “ಇದ್ದದ್ದು ಇದ್ದ ಹಾಗೆ ಬರೀರಿ,” ಎಂದ. ಬರೆದೆ: “ಸೂರ್ಯನನ್ನು ನೋಡಬೇಕಾಗಿರುವುದರಿಂದ ಒಂದು ದಿನದ ರಜೆ ಕೋರಿಕೆ.” ಕಾರ್ಖಾನೆಯ ಮ್ಯಾನೇಜರು ಅದನ್ನು ಮೂರು ಸಲ ಓದಿ, ಮಂಜೂರು ಮಾಡಿ, ಪಕ್ಕದಲ್ಲಿ “ವಿಶ್ರಾಂತಿ ಅಗತ್ಯ” ಎಂದು ಷರಾ ಬರೆದರಂತೆ.

ಬುಧವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ತಾರಸಿಯ ಮೇಲಿದ್ದೆವು. ಅವನ ಕೈಯಲ್ಲಿ ಇಪ್ಪತ್ತೇಳು ಹಳದಿಯ ಚೀಟಿಗಳ ಕಟ್ಟು, ಎದುರಿಗೆ ಒಂದು ಬಿಳಿ ಹಲಗೆ. ನನ್ನ ತೊಡೆಯ ಮೇಲೆ ನಡುಮನೆಯ ಗೋಡೆಯಿಂದ ಕಿತ್ತು ತಂದ ಗಡಿಯಾರ. ಹತ್ತು ನಿಮಿಷಕ್ಕೊಮ್ಮೆ ನಾನು “ಹೊತ್ತಾಯ್ತು” ಎನ್ನುವುದು, ಅವನು ಹಲಗೆಯ ಮೇಲೆ ಬಿದ್ದ ಬಿಸಿಲಿಗೆ ಚೀಟಿ ಹೊಂದಿಸಿ “ಮೂರು”, “ನಾಲ್ಕೂವರೆ” ಎಂದು ಕೂಗುವುದು, ನಾನು ಬರೆದುಕೊಳ್ಳುವುದು. ಅಕ್ಕಪಕ್ಕದ ತಾರಸಿಗಳಲ್ಲಿ ಒಬ್ಬೊಬ್ಬರೇ ಕಾಣಿಸಿಕೊಂಡರು. ಎರಡನೆಯ ಮಹಡಿಯವರು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ಹಣೆ ಮುಟ್ಟಿಕೊಂಡರು.

ಹನ್ನೊಂದರ ಸುಮಾರಿಗೆ ಓನರಮ್ಮ ಬಟ್ಟೆ ಒಣಹಾಕಲು ಬಂದರು. ಬಂದು ನೇರ ಹಲಗೆಯ ಮುಂದೆ ನಿಂತು, “ಏನಿದು ಅವತಾರ?” ಎಂದರು.

“ಅಮ್ಮ, ಸ್ವಲ್ಪ ಸರೀರಿ!” ಎಂದು ಬಣ್ಣದಣ್ಣ ಅಬ್ಬರಿಸಿದ. “ನಿಮ್ಮ ನೆರಳು ನನ್ನ ಹನ್ನೊಂದು ಗಂಟೆ ಮೇಲೆ ಬಿದ್ದಿದೆ!”

ಈ ಕಟ್ಟಡದಲ್ಲಿ ಓನರಮ್ಮನಿಗೆ ಸರೀರಿ ಎಂದವರು ಅದುವರೆಗೆ ಹುಟ್ಟಿರಲಿಲ್ಲ. ಅವರು ಒದ್ದೆ ಬಟ್ಟೆ ಎತ್ತಿಕೊಂಡು ಎರಡು ಹೆಜ್ಜೆ ಸರಿದರು. ಬಣ್ಣದಣ್ಣನಿಗೆ ತಾನು ಮಾಡಿದ ಸಾಹಸ ಗೊತ್ತೇ ಆಗಲಿಲ್ಲ. ಅವನು ಹನ್ನೊಂದರಲ್ಲಿ ಮುಳುಗಿದ್ದ. ಮೂರು ಗಂಟೆಗೆ ಒಂದು ಮೋಡ ಅಡ್ಡ ಬಂತು, ಅದನ್ನೂ ಬರೆಸಿದ. ಆರರ ಹೊತ್ತಿಗೆ ಮೆಟ್ಟಿಲಿಳಿಯುವ ನೆಪ ಯಾರಿಗೂ ಸಿಗದೆ ಅರ್ಧ ಕಟ್ಟಡ ತಾರಸಿಯ ಮೇಲೆ ನೆರೆದಿತ್ತು. ಸೂರ್ಯ ನೀರಿನ ಟ್ಯಾಂಕುಗಳ ಹಿಂದೆ ಕೆಂಪಗೆ ಇಳಿದ. ಮೂರನೆಯ ಮಹ‍ಡಿಯವರು “ಇದು ದಿನಾ ಆಗುತ್ತಾ?” ಎಂದು ಕೇಳಿದರು. ಅವರೂ ಪಾಪ, ಲೆಕ್ಕಪತ್ರದ ಆಫೀಸಿನವರು.

ಒಟ್ಟು ಎಪ್ಪತ್ತಾರು ಅಂಕಿ ಸಿಕ್ಕಿದ್ದವು. ಬಣ್ಣದಣ್ಣ ಗುರುವಾರ, ಶುಕ್ರವಾರ ಕಾರ್ಖಾನೆಯಿಂದ ಬಂದ ಕೂಡಲೇ ಕೂತು ಅವನ್ನೆಲ್ಲ ಪ್ರೋಗ್ರಾಮಿಗೆ ತುಂಬಿದ. ಪರದೆಯ ಒಂದು ದಿನಕ್ಕೆ ನಮ್ಮ ನಾಲ್ಕು ನಿಮಿಷ. ಶುಕ್ರವಾರ ಸಂಜೆ ಆರಕ್ಕೆ ಹೊಸ ಸೂರ್ಯನನ್ನು ಓಡಲು ಬಿಟ್ಟು, “ಇನ್ನು ನೋಡಿದ್ರೆ ನನ್ನ ದೃಷ್ಟಿನೇ ತಾಗುತ್ತೆ,” ಎಂದು ಪರದೆಗೆ ಟವೆಲು ಹೊದಿಸಿದ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರು, ಓನರಮ್ಮ, ಕಟ್ಟಡದವರು, ಹಗಲ ಡ್ಯೂಟಿ ಬದಲಾಯಿಸಿಕೊಂಡ ನರ್ಸಮ್ಮ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡ ಭಾವ. ಬಣ್ಣದಣ್ಣ ಮೇಜಿನ ಹತ್ತಿರ ಹೋದ. ಟವೆಲು ಎಳೆದ.

ಪರದೆಯ ಮೇಲೆ ಸಂಜೆಯಾಗುತ್ತಿತ್ತು. ಸೂರ್ಯ ಬಲಗಡೆಗೆ ಇಳಿದ. ಹಸಿರು ಚುಕ್ಕೆಗಳು ಕಿಕ್ಕಿರಿದಿದ್ದವು, ಆದರೆ ಒಂದರ ಮೇಲೊಂದಿಲ್ಲ, ಬಿಡಿಬಿಡಿಯಾಗಿ ಹರಡಿಕೊಂಡು ನಿಂತಿದ್ದವು. ಬೆಳಕು ಹತ್ತೊಂಬತ್ತನೆಯ ಹಳದಿಯಿಂದ ಹತ್ತಕ್ಕೆ, ಐದಕ್ಕೆ, ಎರಡಕ್ಕೆ ಇಳಿದು ಆರಿತು. ಪರದೆ ಕಪ್ಪಾಯಿತು. ಏನೂ ಅಲುಗಲಿಲ್ಲ.

“ಎಲ್ಲಾ ಸತ್ತವು,” ಎಂದ ಭಾವ, ಹಗ್ಗ ಕೆಳಗಿಳಿಸುತ್ತ. “ನಡಿಯಮ್ಮ, ಪಾತ್ರೆಯಿಂದ ಶುರು ಮಾಡೋಣ.”

“ಶ್!” ಎಂದರು ಇನ್‌ಸ್ಪೆಕ್ಟರು. ಎಂಥ ಶ್ ಎಂದರೆ ಭಾವ ಹಗ್ಗದ ಮೇಲೇ ಕುಳಿತ. “ಮಲಗಿವೆ.”

“ಮಲಗಿವೆ, ಸದ್ದು ಮಾಡ್ಬೇಡಿ,” ಎಂದು ಓನರಮ್ಮ ಬಾಗಿಲಲ್ಲಿದ್ದವರಿಗೆ ಪಿಸುಗುಟ್ಟಿದರು. ಪಿಸುಮಾತು ಮೆಟ್ಟಿಲಿಳಿಯಿತು. “ಮಲಗಿವೆಯಂತೆ.” “ಮಲಗಿವೆಯಂತೆ.” ಗೇಟಿನ ಹತ್ತಿರ ತರಕಾರಿಯವನು ಕೂಗುವುದನ್ನು ನಿಲ್ಲಿಸಿದ.

ಒಂದು ನಿಮಿಷ ಕಳೆಯಿತು. ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು. “ಏನೋ ಅಲುಗಾಡ್ತಿದೆ.”

ಹೌದು. ಕಂಡೂ ಕಾಣದ ಹಾಗೆ, ಕತ್ತಲಲ್ಲಿ, ಚುಕ್ಕೆಗಳು ಹೊರಟಿದ್ದವು. ಒಂದಲ್ಲ, ಎರಡಲ್ಲ. ಇಡೀ ಹಿಂಡು ಎಡಗಡೆಗೆ.

“ಸೂರ್ಯ ಬರೋಕೆ ಇನ್ನೂ ಅರ್ಧ ನಿಮಿಷ ಇದೆ!” ಎಂದು ಬಣ್ಣದಣ್ಣ ಗಾಬರಿಯಾದ. “ಸರ್, ಇದು ನಾನು ಬರೆದಿದ್ದಲ್ಲ. ಎಡಗಡೆಗೆ ಹೋಗಿ ಅಂತ ನಾನು ಎಲ್ಲೂ ಬರೆದಿಲ್ಲ. ಎಲ್ಲೋ ತಪ್ಪಾಗಿದೆ. ಇವು ಎಲ್ಲಿಗೆ ಹೋಗ್ತಿವೆ?”

ಅವು ಎಡದ ಅಂಚಿನವರೆಗೆ ಹೋದವು. ಅಲ್ಲಿ ಸಾಲುಗಟ್ಟಿ ನಿಂತವು. ಕತ್ತಲೆಗೆ ಮುಖ ಮಾಡಿ, ಸುಮ್ಮನೆ, ನಾಲ್ಕು ಸಾವಿರವೂ.

ಆಗ ಎಡದ ಅಂಚಿನಲ್ಲಿ, ಸರಿಯಾಗಿ ಅವುಗಳೆದುರಿಗೆ, ಒಂದನೆಯ ಹಳದಿ ಮೂಡಿತು.

ಮೊದಲು ಮಾತಾಡಿದವಳು ಹೆಂಡತಿ. “ರೀ,” ಎಂದಳು, ಅವನ ತೋಳು ಹಿಡಿದು. “ಅವಕ್ಕೆ ಗೊತ್ತು ರೀ. ಬೆಳಗಾಗುತ್ತೆ ಅಂತ ಅವಕ್ಕೆ ಗೊತ್ತು!”

ಯಾರೂ ಕಲಿಸಿರಲಿಲ್ಲ. ಎಲ್ಲೋ ಒಂದು ಮರಿಗೆ ಕತ್ತಲಿರುವಾಗಲೇ ಎದ್ದು ಎಡಕ್ಕೆ ಹೋಗುವ ಚಟ ಹುಟ್ಟಿರಬೇಕು. ಬೆಳಗಿನ ಮೊದಲ ತುತ್ತು ಅದಕ್ಕೆ ಸಿಕ್ಕಿರಬೇಕು. ಅದು ಕೊಬ್ಬಿ ಎರಡಾಯಿತು, ಎರಡು ನಾಲ್ಕಾಯಿತು, ಬಿಸಿಲೇರಿದ ಮೇಲೆ ಎದ್ದವು ಹಿಂದೆ ಉಳಿದವು. ಹದಿನಾರು ಗಂಟೆಯಲ್ಲಿ ಇನ್ನೂರ ನಲವತ್ತು ಬೆಳಗು ಕಂಡ ಆ ಸಂತಾನಕ್ಕೆ ಈಗ ಸೂರ್ಯನ ದಾರಿ ಬಾಯಿಪಾಠ. ಇದನ್ನೆಲ್ಲ ಬಣ್ಣದಣ್ಣ ನನಗೆ ಆಮೇಲೆ ಬಿಡಿಸಿ ಹೇಳಿದ. ಆ ಗಳಿಗೆಯಲ್ಲಿ ಅವನು ಬಾಯಿ ತೆರೆದು ನಿಂತಿದ್ದ, ಅಷ್ಟೇ.

“ಎದ್ದವು!” ಎಂದು ಓನರಮ್ಮ ಚಪ್ಪಾಳೆ ತಟ್ಟಿದರು. “ಬೆಳಕು ಹರಿಯೋಕೆ ಮುಂಚೆನೇ ಎದ್ದು ನಿಂತಿವೆ! ಈ ಕಟ್ಟಡದ ಗಂಡಸರಿಗಿಂತ ಎಷ್ಟೋ ವಾಸಿ!” ಮೆಟ್ಟಿಲ ತುಂಬ ಕೂಗು ಎದ್ದಿತು. ಕೆಳಗಿದ್ದವರಿಗೆ ಏನೂ ಕಾಣದಿದ್ದರೂ ಅವರೂ ಕೂಗಿದರು. ಮೂರನೆಯ ಮಹಡಿಯವರು ಎರಡನೆಯ ಮಹಡಿಯವರನ್ನು ತಬ್ಬಿಕೊಂಡರು. ಬಚ್ಚಲ ನೀರಿನ ಜಗಳ ಅಲ್ಲಿಗೆ ಮುಗಿಯಿತು.

ಇನ್‌ಸ್ಪೆಕ್ಟರು ಕಣ್ಣೊರೆಸಿಕೊಂಡು ಪ್ರಮಾಣಪತ್ರ ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. “ಸದರಿ ಜೀವಿಗಳ ಸಂಖ್ಯೆ ನಾಲ್ಕು ಸಾವಿರದ ಇನ್ನೂರ ಹದಿನಾರು. ಆರೋಗ್ಯವಾಗಿವೆ. ಹೊತ್ತಿಗೆ ಸರಿಯಾಗಿ ಮಲಗಿ, ಹೊತ್ತಿಗೆ ಮೊದಲೇ ಏಳುತ್ತವೆ. ಸೂರ್ಯನ ವ್ಯವಸ್ಥೆ ತೃಪ್ತಿಕರ.”

ಓನರಮ್ಮ ಆ ಕಾಗದವನ್ನು ಕೈಗೆ ತೆಗೆದುಕೊಂಡು, “ಇದನ್ನ ಕೆಳಗೆ ಗೇಟಿನ ಹತ್ತಿರ ಚೌಕಟ್ಟು ಹಾಕಿಸಿ ತೂಗುಹಾಕ್ತೀನಿ,” ಎಂದರು. “ಈ ಬೀದೀಲಿ ಇನ್ಯಾರ ಕಟ್ಟಡಕ್ಕೆ ಸೂರ್ಯ ತೃಪ್ತಿಕರ ಅಂತ ಸರ್ಕಾರ ಬರೆದುಕೊಟ್ಟಿದೆ?”

ಹಗ್ಗದ ಮೇಲೆ ಕೂತಿದ್ದ ಭಾವ ಪರದೆ ನೋಡುತ್ತ, ತನಗೆ ತಾನೇ ಎಂಬಂತೆ, “ನಮ್ಮ ಮೀನುತೊಟ್ಟಿ ಲೈಟು ನಾನು ಆರಿಸೋದೇ ಇಲ್ವಲ್ಲ...” ಎಂದ.

ಇನ್‌ಸ್ಪೆಕ್ಟರು ನಿಧಾನವಾಗಿ ಅವನ ಕಡೆ ತಿರುಗಿ ಸಣ್ಣ ಪುಸ್ತಕ ತೆರೆದರು. “ವಿಳಾಸ ಹೇಳಿ.”

ಜನ ಮೆಟ್ಟಿಲ ಕಡೆಗೆ ಕರಗಿದರು. ಬಲೆ, ಪಂಜರ ಎತ್ತಿಕೊಂಡ ಇನ್‌ಸ್ಪೆಕ್ಟರು ಬಾಗಿಲವರೆಗೆ ಹೋಗಿ ನಿಂತರು. ಬೂಟಿನ ತುದಿಯಿಂದ ಹೊಸಲು ಕೆರೆದರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

“ಇವ್ರೇ... ತಪ್ಪು ತಿಳ್ಕೋಬೇಡಿ. ಒಂದು... ಒಂದು ಮರಿ ಕೊಡೋಕಾಗುತ್ತಾ?”

ಬಣ್ಣದಣ್ಣ ಒಂದಲ್ಲ, ಒಂದು ಹಿಂಡನ್ನೇ ಪೆನ್‌ಡ್ರೈವಿಗೆ ತುಂಬಿ, ಸೂರ್ಯನನ್ನೂ ಜೊತೆಗಿಟ್ಟು ಕೊಟ್ಟ. ಇನ್‌ಸ್ಪೆಕ್ಟರು ಬಲೆ, ಪಂಜರಗಳನ್ನು ಭಾವನ ಕೈಗೆ ದಾಟಿಸಿ, ಪೆನ್‌ಡ್ರೈವನ್ನು ಎರಡೂ ಅಂಗೈ ಬೊಗಸೆಯಲ್ಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದರು. ಕಟ್ಟಡದವರೆಲ್ಲ ಎರಡೂ ಕಡೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಓನರಮ್ಮ ಮುಂದೆ ಮುಂದೆ ನಡೆದು ಗೇಟು ಪೂರ್ತಿ ತೆರೆದು ಹಿಡಿದರು.

“ಸರ್!” ಎಂದು ಬಣ್ಣದಣ್ಣ ಕಂಬಿಯ ಮೇಲಿಂದ ಬಗ್ಗಿ ಕೂಗಿದ. “ಬೆಳಿಗ್ಗೆ ಹೊತ್ತು ಮಾತ್ರ ಸ್ವಲ್ಪ...”

“ಗೊತ್ತು ಕಣ್ರೀ,” ಎಂದರು ಇನ್‌ಸ್ಪೆಕ್ಟರು, ಬೊಗಸೆಯಿಂದ ಕಣ್ಣು ತೆಗೆಯದೆ. “ಇವು ಏಳೋಕೆ ಮುಂಚೆ ನಾನು ಎದ್ದಿರ್ತೀನಿ.”